ಹಿಂಜುವುದು

ಪಿ.ಜೆ. ಬಡಾವಣೆಯ ಔಷಧಿ ಅಂಗಡಿ ಮೇಲೆ
ಹದಿನೆಂಟು ಮೆಟ್ಟಿಲು.
ಹನ್ನೆರಡನೆಯದರಲ್ಲಿ ದಾದು ನಿಲ್ಲುತ್ತಾನೆ,
ಗೋಡೆಯ ಬಿರುಕನ್ನು ಒಂದೇ ಬೆರಳಲ್ಲಿ ಮುಟ್ಟಿ
ಮತ್ತೆ ಹತ್ತುತ್ತಾನೆ.
ಮುಟ್ಟಗೊಡದೆ ಎಳೆದುಕೊಂಡು ಹೋದ ದಿನ
ಕೆಳಗಿಳಿದು ಮೊದಲಿಂದ ಹತ್ತಬೇಕು, ನಾನೂ.

ಶಿಲ್ಪಶ್ರೀ ಮಿಸ್ಸು ಹರಿಹರದಿಂದ ಬಸ್ಸಲ್ಲಿ ಬರುತ್ತಾಳೆ,
ನನ್ನ ಕೊನೆ ತಂಗಿಯ ವಯಸ್ಸು.
ಎರಡು ಪುಟ್ಟ ಕುರ್ಚಿ, ನಡುವೆ ಮೇಜು,
ಡಬ್ಬಿಯಲ್ಲಿ ಮಂಡಕ್ಕಿ, ನಮ್ಮ ಬಾಷಾನಗರದ ಭಟ್ಟಿಯದೇ.
"ದಾದು, ಇಲ್ಲಿ ನೋಡು."
ನೋಡಿದರೆ ಒಂದು ಕಾಳು, ಒಂದು ಶಭಾಷ್,
ಹಾಳೆಯಲ್ಲಿ ಒಂದು ಕೂಡುವ ಗುರುತು.
ನೋಡದಿದ್ದರೆ ಕಳೆಯುವ ಗೆರೆ,
ಮೂರು ಉಸಿರಿನಷ್ಟು ಮೌನ,
ಮತ್ತೆ, "ದಾದು, ಇಲ್ಲಿ ನೋಡು."

ಮೊದಲ ವಾರ ಹೊಟ್ಟೆಯಲ್ಲಿ ಕೆಂಡ.
ಚೀಲಗಟ್ಟಲೆ ಮಂಡಕ್ಕಿ ಮುಕ್ಕುವ ದಾವಣಗೆರೆಯಲ್ಲಿ
ನನ್ನ ಮಗ ಒಂದೊಂದು ಕಾಳಿಗೆ
ಒಂದೊಂದು ನೋಟ ಮಾರುತ್ತಿದ್ದಾನಲ್ಲ!
ಗಂಟೆಗೆ ಆಕೆ ತಗೊಳ್ಳುವ ದುಡ್ಡು
ನಾನು ಒಂದು ಗಾದಿ ಬಿಚ್ಚಿ, ಹತ್ತಿ ಹಿಂಜಿ, ಹೊಲಿದರೆ ಬರುವ ಕೂಲಿ.

ಆಮೇಲೊಂದು ದಿನ ಕೈ ತೊಳೆಯುವುದನ್ನು
ಹನ್ನೊಂದು ತುಂಡು ಮಾಡಿ ಬರೆದು ಕೊಟ್ಟಳು.
ನಲ್ಲಿ ತಿರುಗಿಸು, ಒಂದು.
ಅಂಗೈ ನೀರಿಗೆ ಹಿಡಿ, ಎರಡು.
ಸೋಪು ಇನ್ನೂ ನಾಲ್ಕನೆಯದರಲ್ಲಿತ್ತು.
ನನಗೆ ನಗು ಬಂತು: ಇದು ನಮ್ಮ ಮನೆತನದ ಕಸುಬಲ್ಲವೇ ತಾಯಿ?
ಹತ್ತು ವರ್ಷ ಮೈಭಾರ ಹೊತ್ತು ಕಲ್ಲಾದ ಹತ್ತಿ
ಅಜ್ಜನ ಬಿಲ್ಲಿನ ಕೆಳಗೆ ಟುಂಯ್ ಟುಂಯ್ ಅಂತ
ಎಳೆ ಎಳೆಯಾಗಿ ಎದ್ದು ಹಾರುತ್ತಿತ್ತು.
"ಎಳೀಬ್ಯಾಡಲೇ, ನಡುಗಿಸು" ಅನ್ನುತ್ತಿದ್ದ ಅಜ್ಜ,
"ಎಳೆದರ ನಾರು ಹರಿತದ,
ನಡುಗಿದರ ಗಂಟು ತಾನ ಬಿಡ್ತದ."
ಆ ಬಿಲ್ಲು ಈಗ ಗೋಡೆ ಮೇಲಿದೆ, ಅಂಗಡಿಗೆ ಮಿಷನ್ ಬಂದಿದೆ.

ಹನ್ನೊಂದು ತುಂಡು ಜೋಡಿಸಲು ಐದು ತಿಂಗಳಾಯಿತು.
ಒಂಬತ್ತನೆಯದು ಇವತ್ತಿಗೂ ಒಮ್ಮೊಮ್ಮೆ ಜಾರುತ್ತದೆ,
ನಲ್ಲಿ ಹಾಗೇ ಸುರಿಯುತ್ತಿರುತ್ತದೆ.

ಹೊಸ ಹಾಳೆಯಲ್ಲಿ ಬರೆದಿತ್ತು: ಕೈ ಅಲ್ಲಾಡಿಸುವುದನ್ನು ಬಿಡಿಸುವುದು.
ಖುಷಿಯಾದರೆ ಕಿವಿಯ ಪಕ್ಕ ಎರಡೂ ಕೈ ಬಡಿಯುತ್ತಾನೆ ನನ್ನ ಮಗ,
ಅಂಗಡಿಯಲ್ಲಿ ಹತ್ತಿ ಹಾರುವಾಗ ತುಸು ಹೆಚ್ಚೇ.
ಅಷ್ಟು ದಿನ ಬಾಗಿಲ ಬಳಿ ಚಪ್ಪಲಿ ಕಾಯುತ್ತ ಕೂತ ಮಾಬುಬಿ
ಅವತ್ತು ಒಳಗೆ ಬಂದಳು.
"ಮಿಸ್ಸೇ, ಅದರಿಂದ ತ್ರಾಸು ಯಾರಿಗೆ?
ಅವನಿಗೋ, ನೋಡೋರಿಗೋ?"

ಶಿಲ್ಪಶ್ರೀ ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು.
ಓದುವಾಗ ಹೀಗೇ ಹೇಳಿಕೊಟ್ಟರು ಅಂದಳು.
ಆಮೇಲೆ ಏನೂ ಅನ್ನಲಿಲ್ಲ.
ಮುಂದಿನ ಸೋಮವಾರ ಆ ಸಾಲಿನ ಮೇಲೆ ನೀಲಿ ಗೀಟು,
ಕೆಳಗೆ ಅವಳದೇ ಸೊಟ್ಟ ಅಕ್ಷರ:
"ಸಾಕು" ಅನ್ನಲು ಕಲಿಸುವುದು.
"ಅವನು ಅಂದ ಕೂಡಲೇ ನಿಲ್ಲಿಸಬೇಕು, ಅಣ್ಣಾ.
ಯಾರೇ ಇರಲಿ, ಏನೇ ಇರಲಿ.
ಒಂದು ಸಲ ನಾವು ಕೇಳದಿದ್ದರೂ
ಆ ಮಾತು ಅವನ ಪಾಲಿಗೆ ಸುಳ್ಳಾಗುತ್ತದೆ."

ಏಳು ವಾರ. ಬರೀ ಕಳೆಯುವ ಗೆರೆ,
ಅಲ್ಲೊಂದು ಇಲ್ಲೊಂದು "ಸ" ಎನ್ನುವ ಉಸಿರು.

ನಿನ್ನೆ ರಾತ್ರಿ ಕರೆಂಟಿರಲಿಲ್ಲ.
ಮೇಣದಬತ್ತಿ ಬೆಳಕಲ್ಲಿ ಮಾಬುಬಿ ಮುದ್ದೆ ಮುರಿದು ತಿನ್ನಿಸುತ್ತಿದ್ದಳು,
ಇನ್ನೊಂದು ತುತ್ತು, ಇದೊಂದು, ಇದು ಕೊನೇದು,
ಲೋಕದ ತಾಯಂದಿರೆಲ್ಲ ಹೇಳುವ ಸುಳ್ಳು.

"ಸಾಕು."

ತೊದಲಿಲ್ಲ. ಯಾರ ಮುಖವನ್ನೂ ನೋಡಲಿಲ್ಲ,
ಮೇಣದಬತ್ತಿಗೆ ಹೇಳಿದ ಹಾಗೆ ಹೇಳಿದ.
ಅವಳ ಕೈ ಗಾಳಿಯಲ್ಲೇ ನಿಂತಿತು.
ಬೆರಳ ಸಂದಿನಿಂದ ಸಾರು ಮೊಣಕೈವರೆಗೆ ಇಳಿಯಿತು.
ಆ ತುತ್ತನ್ನು ಅವಳೇ ತಿಂದಳು,
ನುಂಗಲಾರದೆ, ಬಹಳ ಹೊತ್ತು ಅಗಿದು.

ನಾನು ಹಾಳೆಗಾಗಿ ತಡಕಾಡಿದೆ.
ಹಾಳೆ ಸಿಕ್ಕಿತು. ಪೆನ್ನು ಸಿಗಲಿಲ್ಲ.