ಸಂದು

ಅಬು ಶಗಾರದ ಮೂರನೇ ಮಹಡಿ. ಮೇಲಿನ ಮಂಚದಲ್ಲಿ ಹಂಝಾಕ,
ಮೂರೂವರೆಗೆ ಎದ್ದು ಬೇಕರಿಗೆ ಹೋಗಬೇಕಾದವರು,
ಗೋಡೆಗೆ ಮುಖ ಮಾಡಿ ಮಲಗಿದ್ದಾರೆ.
ಶಿರ್ವದ ಫ್ಲೇವಿಯನ್ ಪಿಸುಗುಟ್ಟಿದ:
"ವಾಮನಣ್ಣ, ಒಮ್ಮೆ ಬನ್ನಿ, ನಿಮ್ಮ ಕಣ್ಣು ಬೇಕಿತ್ತು."

ಇಪ್ಪತ್ತೊಂದು ಇಂಚಿನ ಪರದೆಯಲ್ಲಿ
ಎಂಟು ಪೋಕರ್ ಮೇಜು ಒಂದರ ಮೇಲೊಂದು ಬಿದ್ದುಕೊಂಡಿದ್ದವು,
ಲಾರಿಯಿಂದ ದೂಡಿದ ಪೆಟ್ಟಿಗೆಗಳ ಹಾಗೆ.
ಯಾವುದರಲ್ಲಿ ತನ್ನ ಸರದಿ ಎಂದು ಹುಡುಕುವಷ್ಟರಲ್ಲಿ
ಹೊತ್ತು ಮೀರಿ ಎಲೆ ತಾನಾಗಿ ಕೆಳಗೆ.

ಇಸ್ಪೀಟಿನಲ್ಲಿ ನನಗೆ ಗೊತ್ತಿರುವುದು ಕತ್ತೆಯಾಟ ಮಾತ್ರ.
ಆದರೆ ಚೌಕ ಗೊತ್ತು.
ಹತ್ತೊಂಬತ್ತು ವರ್ಷ ಈ ಊರಿನವರ ಬಚ್ಚಲಿಗೆ ಟೈಲ್ಸ್ ಹಾಕಿದ್ದೇನೆ.

"ಮೂಲೆಯಿಂದ ಶುರುಮಾಡಬೇಡ" ಅಂದೆ, "ನಡುವೆ ದಾರ ಹಿಡಿ.
ಇಡೀ ತುಂಡು ಕಣ್ಣೆದುರು ಬರಲಿ,
ಕತ್ತರಿಸಿದ್ದು ಬಾಗಿಲ ಹಿಂದೆ.
ಎಂಟು ಯಾಕೆ? ಆರು ಸಾಕು. ಎರಡು ಸಾಲು, ಮೂರು ಮೂರು.
ದೊಡ್ಡ ದುಡ್ಡಿನ ಮೇಜು ಮೇಲೆ, ನಡುವೆ.
ಮತ್ತೆ ಸಂದು ಬಿಡು ಮಾರಾಯ, ಬೇಸಿಗೆಗೆ ಎಲ್ಲವೂ ಹಿಗ್ಗುತ್ತದೆ."
ಪರದೆ ಹಿಗ್ಗುವುದಿಲ್ಲ ಅಣ್ಣ ಎಂದು ನಕ್ಕ.
ಆದರೂ ಎರಡು ಪಿಕ್ಸೆಲ್ ಬಿಟ್ಟ, ನನ್ನ ಮರ್ಯಾದೆಗೆ.

ಆಮೇಲೆ ನನ್ನ ಮಾಸ್ಕಿಂಗ್ ಟೇಪು ಕೇಳಿದ.
ಚೂರು ಚೂರು ಮಾಡಿ ಕೀಬೋರ್ಡಿಗೆ ಅಂಟಿಸಿ
ಬಾಲ್‌ಪೆನ್ನಿನಲ್ಲಿ ಕನ್ನಡದಲ್ಲೇ ಬರೆದ,
ಹೊರಗಿನವರಿಗೆ ತಿಳಿಯಬಾರದಲ್ಲ, ಇಲ್ಲಿ ಇದಕ್ಕೆ ಜೈಲು.
ಒಪ್ಪು. ಏರಿಸು. ಅರ್ಧ. ಪೂರ್ತಿ.
ಎಡಗೈಯ ಕಿರುಬೆರಳಿನಡಿ: ಮಡಚು.

ನನಗೆ ಊಟದ ಎಲೆ ನೆನಪಾಯಿತು.
ಮದುವೆಯಲ್ಲಾದರೆ ನಮ್ಮ ಕಡೆಗೆ, ಬೊಜ್ಜದಲ್ಲಾದರೆ ಆಚೆಗೆ.
ಇದನ್ನು ಯಾವ ಕಡೆಗೆ ಮಡಚುವುದು ಎಂದೆ.
"ಯಾವ ಕಡೆಗಾದರೂ ಅಣ್ಣ, ಹಸಿವು ಅಷ್ಟೇ ಇರುತ್ತದೆ."

ಜೂಜು ಅಂದರೆ ಗಲಾಟೆ ಅಂದುಕೊಂಡಿದ್ದೆ.
ಇದು ಗ್ರೌಟ್ ಒರಸಿದ ಹಾಗೆ,
ಬಟ್ಟೆ ಹಿಂಡಿ, ಮತ್ತೆ, ಬಟ್ಟೆ ಹಿಂಡಿ, ಮತ್ತೆ.
ನೂರರಲ್ಲಿ ಎಂಬತ್ತು ಸಲ ಮಡಚುವುದೇ ಕೆಲಸ.
ಹನ್ನೊಂದರಿಂದ ಎರಡರವರೆಗೆ ಮಾತಿಲ್ಲ,
ಬೆಳಕು ಮಾತ್ರ ಅವನ ಮೂಗಿನ ಮೇಲೆ ಆರು ಸಲ ಬಣ್ಣ ಬದಲಿಸುತ್ತದೆ.

ಆಗಸ್ಟಿನ ಒಂದು ರಾತ್ರಿ. ಏಸಿ ತೊಟ್ಟಿಕ್ಕುತ್ತಿತ್ತು.
ನಾನು ನೀರಿನ ಬಾಟಲಿಗೆ ಕೈಚಾಚಿದೆ,
ಮೊಣಕೈ ಮೌಸಿಗೆ ತಾಗಿತು.
ಒಂದು ಬೆರಳಗಲ. ಬಾಣ ಸಂದು ದಾಟಿ
ಕೆಳಗಿನ ಮೇಜಿನಿಂದ ಮೇಲಿನದಕ್ಕೆ ಹೋಯಿತು.
ಬಾಣ ಯಾವ ಮೇಜಿನದೋ ಕಿರುಬೆರಳೂ ಅದರದ್ದೇ.
ಟಕ್.
ಕೈಯಲ್ಲಿ ಎರಡು ರಾಜ, ನೆಲದಲ್ಲಿ ಇನ್ನೆರಡು,
ಮಡಚಿಹೋಯಿತು.

ಎಷ್ಟು ಎಂದು ಕೇಳಬೇಕಿರಲಿಲ್ಲ, ಅಂಕೆ ಪರದೆಯಲ್ಲೇ ಇತ್ತು:
ನನ್ನ ಎರಡು ತಿಂಗಳ ಮಂಚದ ಬಾಡಿಗೆ.
ಫ್ಲೇವಿಯನ್ ತನ್ನ ಬೆರಳನ್ನು ನೋಡಿದ.
"ನಿದ್ದೆಗಣ್ಣು" ಅಂದ, ತನಗೇ.
ನಾನು ನೀರು ಕುಡಿದೆ. ಬಾಟಲಿ ಮುಗಿಯುವವರೆಗೂ ಕುಡಿದೆ.

ಅದೇ ವಾರ ಮುವೈಲೇಹದ ವಿಲ್ಲಾದಲ್ಲಿ, ಮಕ್ಕಳ ಬಚ್ಚಲು,
ಐದನೇ ಸಾಲಿನ ಒಂದು ಹೂವು ತಲೆಕೆಳಗಾಗಿ ಕೂತಿತ್ತು.
ಸಿಮೆಂಟು ಕಚ್ಚಿದ ಮೇಲೆ ಕಂಡಿತು.
ಮನೆಯವನು ಬಂದು ಗೋಡೆ ಸವರಿ ಮುಮ್ತಾಜ್ ಅಂದ,
ಇಪ್ಪತ್ತು ದಿರ್ಹಮ್ ಹೆಚ್ಚಿಗೆ ಕೊಟ್ಟ.
ತೆಗೆದುಕೊಂಡೆ.

ರಾತ್ರಿ ಬಂದು ನೋಡಿದರೆ
ಪರದೆಯಲ್ಲಿ ಮೇಜುಗಳು ಅದೇ ಸಾಲು, ಅದೇ ಜಾಗ,
ಸಂದು ಮಾತ್ರ ಎರಡರಿಂದ ಹನ್ನೆರಡಕ್ಕೆ ಅಗಲವಾಗಿದೆ.
ಬೇಸಿಗೆಯಲ್ಲವಾ ಅಣ್ಣ, ಅಂದ, ತಿರುಗದೆ.

ನೀರಿನ ಬಾಟಲಿ ಈಗ ನನ್ನ ದಿಂಬಿನ ಪಕ್ಕದಲ್ಲಿರುತ್ತದೆ,
ತುಂಬಿಸಿಟ್ಟು.
ನಾನು ಇಟ್ಟದ್ದಲ್ಲ.