ಸುಂಕದವನ ಮುಂದೆ

ಬರ್ರಿ. ಚಪ್ಪಲಿ ಇರಲಿ, ಇದೇನು ಗುಡಿ ಅಲ್ಲ.
ಈ ಪುಸ್ತಕದಾಗ ಹೆಸರು, ಊರು ಬರೀರಿ.
ಪೆನ್ನಿಗೆ ದಾರ ಕಟ್ಟೀನಿ, ಜಗ್ಗಬ್ಯಾಡ್ರಿ.
ರೊಕ್ಕ ಏನೂ ಇಲ್ಲ. ನೀಲಿ ಬೋರ್ಡಿನ ಮ್ಯಾಲೆ
ದೊಡ್ಡ ಅಕ್ಷರದಾಗ ಬರದಾರ: ಪ್ರವೇಶ ಉಚಿತ.
ಓದಿದಾಗೊಮ್ಮೆ ನನಗ ನಗಿ ಬರತೈತಿ,
ಯಾಕಂದ್ರ ನನ್ನ ಅಡ್ಡಹೆಸರು ಸುಂಕದ.
ಸುಂಕದ ಹುಸೇನಪ್ಪ. ದಿನಗೂಲಿ ಕಾವಲುಗಾರ,
ಮುದಗಲ್ಲ ಕ್ವಾಟಿ.
ಹುಸೇನಪ್ಪ ಅಂದ್ರ ಯಾವ ಜಾತಿ ಅಂತ ಕೇಳಬ್ಯಾಡ್ರಿ,
ಅಲಾಯಿಗೆ ಹರಕಿ ಹೊತ್ತು ಹುಟ್ಟಿದ ಕೂಸು, ಅಷ್ಟ.

ಈ ಕಟ್ಟಿ ನೋಡ್ರಿ, ಅಗಸಿ ಒಳಗ ಎಡಕ್ಕ,
ನಡುವು ಸವೆದು ತೊಟ್ಟಿಲದಂಗ ಆಗೈತಿ.
ಇಲ್ಲೇ ಕುಂತು ನಮ್ಮ ಹಿರೇರು ಎಣಿಸ್ತಿದ್ರಂತ:
ಹತ್ತಿ ಅಂಡಿಗಿಗೆ ಇಷ್ಟು, ಮೆಣಸಿನ ಹೇರಿಗೆ ಇಷ್ಟು,
ಕಡಲು ದಾಟಿ ಬಂದು ನಮ್ಮ ಬಿಸಿಲಿಗೆ ಬಾಯಿ ಬಿಡೋ
ಕುದುರಿಗೆ ಇಷ್ಟು. ಹಾದ್ಯಾಗ ಸತ್ತದ್ದಿದ್ರ
ಬಾಲ ತಂದು ಲೆಕ್ಕ ಒಪ್ಪಿಸಬೇಕಿತ್ತಂತ.
ಸುಂಕದವನ ಮುಂದ ಸುಖ ದುಃಖ ಹೇಳಿದಂಗ
ಅನ್ನೋ ಗಾದಿ ನಮ್ಮ ಮನಿಯಾಗೇ ಹುಟ್ಟಿದ್ದು ಅಂತ
ನಮ್ಮಪ್ಪ ಕುಡಿದಾಗ ಹೆಮ್ಮಿ ಪಡತಿದ್ದ.

ಬಡಗಲಿಗೆ ಕೃಷ್ಣಾ, ತೆಂಕಲಿಗೆ ತುಂಗಭದ್ರಾ,
ಇಬ್ಬರು ಅತ್ತೆರಿಗೆ ಒಬ್ಬಾಕಿ ಸೊಸಿ ಈ ನೆಲ:
ಉಂಡರೂ ಬೈಗಳ, ಉಣ್ಣದಿದ್ರೂ ಬೈಗಳ.
ರಾತ್ರಿಗೊಂದು ನಿಶಾನಿ, ಬೆಳಗಾದ್ರ ಇನ್ನೊಂದು.
ಮುತ್ತಜ್ಜನ ಮುತ್ತಜ್ಜ ಸೊಂಟದ ಚೀಲದಾಗ
ಎರಡು ಮುದ್ರಿ ಇಟ್ಟುಕೊಂಡು,
ಮುಂಜಾನೆ ಕಣ್ಣುಜ್ಜಿಕೊಂತ ಬುರುಜು ನೋಡಿ
ಯಾವುದು ಹಾರಾಡ್ತೈತೋ ಅದನ್ನ ಒತ್ತತಿದ್ದನಂತ.
ತಕ್ಕಡಿ ಮಾತ್ರ ಒಂದೇ.

ಇದೆಲ್ಲ ಬೋರ್ಡಿನಾಗ ಇಲ್ಲ. ಅಲ್ಲಿ ಮುತ್ತಿಗಿ ಅದಾವು,
ಇಸವಿ ಅದಾವು, ಎರಡು ಕಡೆ ತಪ್ಪು ಕಾಗುಣಿತ.
ನಮ್ಮಜ್ಜಿ ಹೇಳಿದ್ದು ಬ್ಯಾರೆ.

ಉಪ್ಪಾರ ಹೆಣ್ಣುಮಗಳೊಬ್ಬಾಕಿ, ತಾಯಮ್ಮ ಅಂತ,
ಸವಳು ಮಣ್ಣು ಸೋಸಿ ಉಪ್ಪು ತೆಗೆಯೋ ಮನಿತನ.
ಉಪ್ಪಿಗಿಂತ ಸುಂಕನ ತೂಕಾದ ವರ್ಷ
ಆಕಿ ಬರಿಗೈಲೆ ಬರಾಕ ಹತ್ತಿದಳು.
ಪುಟ್ಟಿ ಇಲ್ಲ, ಗಂಟಿಲ್ಲ, ಉಡಿಯೊಳಗ ಕಾಳಿಲ್ಲ.
ಸೀರಿ ಮಾತ್ರ ತೊಪ್ಪಂತ ತೊಯ್ದಿತ್ತು.
ಹಳ್ಳ ದಾಟಿ ಬಂದೆ ಅಂದಳು.
ಮರುದಿನವೂ ಅದೇ ಹಳ್ಳ.
ಉಗಾದಿ ಮುಗಿದ ಬಿಸಿಲು, ಹಳ್ಳದಾಗ
ಮೀನಿನ ಎಲುಬು ಕಾಣತಿದ್ದವು.
ಕಟ್ಟಿ ಮ್ಯಾಲಿನವ ನೋಡಿದ:
ಆಕಿ ದಾಟಿಹೋದ ಕಲ್ಲಿನ ಮ್ಯಾಲೆ
ಹನಿ ಒಣಗಿ ಬೆಳ್ಳಗ ಚುಕ್ಕಿ.
ಬೆರಳಿಗೆ ಹಚ್ಚಿ ನಾಲಿಗಿಗೆ ಇಟ್ಟ.
ಏನೂ ಅನಲಿಲ್ಲ. ಕಡತದಾಗ
ಒಂದು ಸಾಲು ಖಾಲಿ ಬಿಟ್ಟು ಮುಂದಿನ ಹೇರು ಕರೆದ.

ಆಮ್ಯಾಲೆ ಇಬ್ಬರ ಮದುವಿ ಆತು ಅಂತಿದ್ಲು ಅಜ್ಜಿ.
ಒಮ್ಮೊಮ್ಮೆ, ಇಲ್ಲ, ಆತನ ಕೈಬೆರಳು ಕಡಿದ್ರು ಅಂತಿದ್ಲು.
ಕೊನೀಗೆ ಜ್ವರ ಬಂದಾಗ, ಎರಡೂ ಖರೆ ಅಂದ್ಲು.

ಹೋದ ವರ್ಷ ಇಲಾಖೆಯವರು ಬಿರುಕಿಗೆ ಗಾರೆ ತುಂಬಿ
ಸರಪಳಿ ಹಾಕಿದ್ರು, ಕುಂದ್ರಾಕ ಬೆಂಚು ತಂದ್ರು.
ಸಾಹೇಬ್ರು ಒಬ್ರು ಇದೇ ಕಲ್ಲು ಉಗುರಿಲೆ ಕೆರೆದು
ಸುಣ್ಣ, ಇಲ್ಲಂದ್ರ ಮದ್ದಿನ ಮನಿ ಪೆಟ್ಲುಪ್ಪು ಅಂದ್ರು.
ಇರಬಹುದು. ಓದಿದವರು.
ನಾ ತಾಯಮ್ಮನ ಮಾತು ತೆಗೆದೆ,
ಅವರು ಮೊಬೈಲು ತೆಗೆದ್ರು.
ಈಗ ಸುಂಕದವನೇ ಸುಖ ದುಃಖ ಹೇಳೋ ಕಾಲ.

ಆದ್ರ ಸಂಜೀಕ ನಾ ಕದ ಹಾಕೋ ಮುಂದ
ಖಂದಕದ ಕಡೆಯಿಂದ ಲಾಲಬಿಯ ಆಡು ಬರ್ತಾವ,
ಇಷ್ಟು ದೊಡ್ಡ ಕ್ವಾಟಿಯೊಳಗ
ಅದೊಂದೇ ಕಲ್ಲು ಹುಡುಕಿ ನೆಕ್ತಾವ.
ನಾ ಹೊಡದು ಓಡಸಂಗಿಲ್ಲ.
ಪುಸ್ತಕ ತೆಗೆದು, ಆ ದಿನದ ಕೊನೀ ಹೆಸರಿನ ಕೆಳಗ
ಒಂದು ಸಾಲು ಖಾಲಿ ಬಿಟ್ಟು ಗೆರಿ ಹೊಡಿತೀನಿ.

ಬರೆದ್ರಾ? ಪೆನ್ನು ಅಲ್ಲೇ ಬಿಡ್ರಿ.
ಹತ್ತಿ ಹೋಗ್ರಿ, ಬುರುಜಿನ ಮ್ಯಾಲೆ ಗಾಳಿ ಚಲೋ ಐತಿ.
ಇಳಿಯೋ ಮುಂದ ನೋಡಿ ಕಾಲಿಡ್ರಿ.