ಮುಹರಕ್‌ನಾಚೆ, ನೇರಪ್ರಸಾರ

ಬೆನ್ನಿಗೆ ಐದು ಕಿಲೋ ಚೀಲ. ಒಳಗೆ ಆರು ಸಿಮ್ಮು,
ಒಂದು ಪುಟ್ಟ ಫ್ಯಾನು, ಅದರ ಗೊರಕೆ.
ಮೇಲೆ ಒದ್ದೆ ಟವೆಲು ಹೊದಿಸಿದ್ದೇನೆ,
ಜ್ವರದ ಮಗುವಿಗೆ ಹೊದಿಸಿದ ಹಾಗೆ.
ಬೆಳಗಿನ ಏಳಕ್ಕೇ ಸಮುದ್ರ ಬೆವರುತ್ತಿದೆ.

ದೋಣಿ ಬಿಟ್ಟಾಗ ಕಿವಿಯೊಳಗೆ ಬೆನಡಿಕ್ಟಾ:
"ಎಂಟು ಎಂಬಿ ಬರ್ತಿದೆ ಸದಿಯಣ್ಣ, ಕನ್ನಡಿ ಇದ್ದ ಹಾಗಿದೆ."
ಅವಳು ಮನಾಮಾದ ಹನ್ನೊಂದನೇ ಮಹಡಿಯಲ್ಲಿ
ಸ್ವೆಟರು ತೊಟ್ಟು ಕೂತಿದ್ದಾಳೆ. ಊರು ಕುಲಶೇಖರ.
ಮುಖಾಮುಖಿ ಕಂಡದ್ದು ಎರಡೇ ಸಲ.

ಚಿತ್ರ ಹೋಗುವ ಬಗೆ ಕೇಳಿ:
ಕ್ಯಾಮೆರಾ ಕಂಡದ್ದನ್ನು ಚೀಲ ಚೂರುಚೂರು ಮಾಡುತ್ತದೆ,
ಚೂರಿಗೊಂದು ನಂಬರು ಹಚ್ಚಿ ಆರು ಕೈಗೂ ಹಂಚುತ್ತದೆ.
ಯಾರು ಯಾವ ದಾರಿ ಹಿಡಿದರೋ, ಯಾರು ಮೊದಲು ಮುಟ್ಟಿದರೋ,
ಮೋಡದಲ್ಲೊಂದು ಹೆಬ್ಬಾಗಿಲಿದೆಯಂತೆ,
ಅಲ್ಲಿ ನಂಬರು ನೋಡಿ ಸಾಲಾಗಿ ನಿಲ್ಲಿಸುತ್ತಾರೆ,
ಬಾರದವನನ್ನು ಮತ್ತೊಮ್ಮೆ ಕೂಗಿ ಕರೆಯುತ್ತಾರೆ.
ಮೋಡವೆಂದರೆ ಮೋಡವಲ್ಲ, ಗೊತ್ತು.
ಇಲ್ಲಿ ಏಪ್ರಿಲಿನಿಂದ ಆಕಾಶಕ್ಕೆ ಒಂದು ಬಿಳಿ ಚುಕ್ಕೆಯಿಲ್ಲ.

ಮುತ್ತಿನ ಹಬ್ಬ. ಹಳೇ ಪದ್ಧತಿಯ ಮುಳುಗು.
ಮೂಗಿಗೆ ಚಿಮಟ, ಕಾಲಿಗೆ ಕಲ್ಲು, ಕೊರಳಿಗೆ ಬುಟ್ಟಿ, ಕೈಗೆ ಹಗ್ಗ.
ಮುಳುಗುವವನು ಘಾನಿಮ್, ವಾರವಿಡೀ ಬ್ಯಾಂಕಿನ ಕೆಲಸ.
ಹಗ್ಗ ಹಿಡಿದವನು ಅವನ ಅಜ್ಜನ ತಮ್ಮ ಬೂ ಮರ್ಜೂಕ್.
ಎರಡೂ ಕಣ್ಣಿಗೆ ಪೊರೆ.
ಕಾಣಬೇಕಾದ್ದೇನಿದೆ, ಅನ್ನುತ್ತಾನೆ.

ದಡ ತೆಳ್ಳಗಾಯಿತು. ಎಂಟು ಆರಾಯಿತು, ಆರು ಎರಡು.
ಮೂರನೇ ಸಿಮ್ಮು ಸತ್ತಿತು. ಐದನೆಯದು
ತೈಲದ ಹಡಗಿನ ಮರೆಗೆ ಹೋಗಿ ಮರಳಲಿಲ್ಲ.
"ಸದಿಯಣ್ಣ, ಚೌಕ ಚೌಕ ಕಾಣ್ತಿದೆ."
ತಡ ಹೆಚ್ಚಿಸಿದೆ. ಒಂದು ಸೆಕೆಂಡಿದ್ದದ್ದು ನಾಲ್ಕು.
ಕಾಯಲು ಹೊತ್ತು ಕೊಟ್ಟರೆ ಚಿತ್ರ ಒಡೆಯುವುದಿಲ್ಲ,
ನಮ್ಮ ಕಸುಬಿನ ಗುಟ್ಟು ಇಷ್ಟೇ.
'ನೇರ' ಎಂದು ಬರೆದ ಕೆಂಪು ಪಟ್ಟಿಯ ಹಿಂದೆ
ತುಸು ಹಳಸಿದ ಲೋಕ.

ಘಾನಿಮ್ ಇಳಿದ.
ನೀರು ಮುಚ್ಚಿಕೊಂಡಿತು.
ತೋರಿಸಲು ಉಳಿದದ್ದು ಒಂದು ಹಗ್ಗ, ಒಂದು ಮುದಿ ಮುಷ್ಟಿ.
ರೋಡೆಲ್ ಕ್ಯಾಮೆರಾವನ್ನು ಮುಷ್ಟಿಗೇ ಹಚ್ಚಿ ನಿಂತ.
ಐವತ್ತು. ಅರವತ್ತು. ಎಪ್ಪತ್ತೆರಡು.
"ದಡದಲ್ಲಿ ಅವನ ಹೆಂಡತಿ ಎದ್ದು ನಿಂತಿದ್ದಾಳೆ,"
ಬೆನಡಿಕ್ಟಾ ಪಿಸುಗುಟ್ಟಿದಳು, "ದೊಡ್ಡ ಪರದೆಗೆ ಕೈ ತಾಗುವಷ್ಟು ಹತ್ತಿರ."

ಆಗ ಒಂದು ಜಗ್ಗು.
ಮುದುಕನ ಮೊಣಕೈ ಕಂಡದ್ದೇ ನನಗೂ ತಿಳಿಯಿತು.
ಬಲೆಗೆ ಮೀನು ಬಿದ್ದದ್ದು ಕಣ್ಣಿಗಿಂತ ಮೊದಲು
ಅಂಗೈಗೆ ತಿಳಿಯುವ ಮನೆತನ ನಮ್ಮದು, ರಂಪಣಿ ಎಳೆದವರು.
ಚೀಲ ಸಮೇತ ಹಗ್ಗಕ್ಕೆ ಬಿದ್ದೆ.
ಎಳೆದು ಎಳೆದು ಅರ್ಧವಾದ ಮೇಲೆ ಕಿವಿಯಲ್ಲಿ ಬೈಗುಳ:
"ಫ್ರೇಮಿನ ತುಂಬ ನಿಮ್ಮ ಬೆನ್ನು, ಸರೀರಿ!"
ನಾಲ್ಕು ಸೆಕೆಂಡು ಹಳೆಯ ಬೆನ್ನು.

ತಲೆ ಬಂತು. ಕೆಮ್ಮು. ಬೆಳ್ಳನೆ ಹಲ್ಲು.
"ಬಂದ," ಅಂದೆ.
"ಎಲ್ಲಿ? ಇಲ್ಲಿ ಬರೀ ನೀರು."
ಒಂದು.
ಬದುಕಿ ಬಂದು ದೋಣಿಯ ಅಂಚು ಹಿಡಿದವನನ್ನು
ಎರಡು.
ಅಲ್ಲಿ ಇನ್ನೂ ಮುಳುಗಿಸಿಟ್ಟಿರುವುದು
ನನ್ನ ಹೆಬ್ಬೆರಳು.
ಮೂರು. ಯಾರ ಹೆಂಡತಿಗೂ ಇಷ್ಟು ಉದ್ದದ ಮೂರು ಬೇಡ.
ಆಮೇಲೆ ಬೆನಡಿಕ್ಟಾಳ ಮೈಕಿನೊಳಗಿಂದ
ದಡದ ಕೇಕೆ, ಒಂದು ಮಗುವಿನ ಅಳು.

ಬುಟ್ಟಿಯಲ್ಲಿ ಹನ್ನೆರಡು ಚಿಪ್ಪು. ಒಂದರಲ್ಲೂ ಏನಿರಲಿಲ್ಲ.
ಬೂ ಮರ್ಜೂಕ್ ಚೀಲವನ್ನು ತಡವಿ ನೋಡಿದ,
ಟವೆಲಿನಡಿ ಕೈಯಿಟ್ಟು ಬಿಸಿ ನೋಡಿದ.
ಹರಕು ಹಿಂದಿಯಲ್ಲಿ ಕೇಳಿದ: ಇದರ ಹಗ್ಗ ಎಲ್ಲಿ?
ಆರು ಆಂಟೆನಾ ಮುಟ್ಟಿಸಿದೆ. ಎಣಿಸಿದ.
ಆರಿದ್ದೂ ಹುಡುಗಿ ಅಷ್ಟು ಹೊತ್ತು ಕಾದಳೇ, ಅಂದ.

ಬಂದರಿನ ಬಾಯಿಗೆ ಬಂದಾಗ ಸತ್ತ ಸಿಮ್ಮುಗಳು
ಒಂದೊಂದಾಗಿ ಹಸಿರು ಕಣ್ಣು ಬಿಟ್ಟವು.
"ಈಗ ನೋಡಿ ಸದಿಯಣ್ಣ," ಬೆನಡಿಕ್ಟಾ ಅಂದಳು, "ಕನ್ನಡಿ."
ಚೌಕಟ್ಟಿನಲ್ಲಿ ತೆರೆದ ಚಿಪ್ಪುಗಳು ಬಿಟ್ಟರೆ
ಒದ್ದೆ ಹಗ್ಗದ ಸುರುಳಿ.